ಮನೆಯಲ್ಲೇ ಚಾಕೊಲೇಟ್–ನಟ್ಸ್ ಕುಕೀಸ್: ಬೀಜ ಹುರಿಯುವುದರಿಂದ ಡಬ್ಬಿ ತುಂಬುವವರೆಗೆ

ಅಂಚು ಗರಿಗರಿಯಾಗಿರಬೇಕು, ನಡುವೆ ಮೆತ್ತಗಿರಬೇಕು. ಕಚ್ಚಿದಾಗ ಒಂದು ಕಡೆ ಚಾಕೊಲೇಟ್ ಕರಗಬೇಕು, ಇನ್ನೊಂದು ಕಡೆ ಹುರಿದ ಬೀಜ ಹಲ್ಲಿಗೆ ಸಿಗಬೇಕು. ಒಳ್ಳೆಯ ಕುಕೀ ಅಂದರೆ ನನಗೆ ಇಷ್ಟೇ. ಇದಕ್ಕೆ ದುಬಾರಿ ಸಲಕರಣೆ ಏನೂ ಬೇಕಿಲ್ಲ. ಬಿಸಿಯ ಮೇಲೆ ಒಂದು ಕಣ್ಣಿಟ್ಟರೆ ಸಾಕು.

ಈ ಕೆಲಸದಲ್ಲಿ ಮೂರು ಸಲ ಬಿಸಿ ಕೊಡುತ್ತೇವೆ. ಬೀಜಗಳಿಗೆ ಒಮ್ಮೆ, ಬೆಣ್ಣೆಗೆ ಒಮ್ಮೆ, ಹಿಟ್ಟಿಗೆ ಒಮ್ಮೆ. ಮೂರೂ ಸಲ "ಇನ್ನೊಂದೆರಡು ನಿಮಿಷ ಇರಲಿ" ಅಂತ ಅನ್ನಿಸುತ್ತದೆ. ಆಗಲೇ ತೆಗೆದುಬಿಡಬೇಕು. ಅಳತೆ ಪಕ್ಕಾ ಇದ್ದೂ ಕುಕೀಸ್ ಒಣಗಿ ಗಟ್ಟಿಯಾಗುವುದು ಹೆಚ್ಚಾಗಿ ಆ ಎರಡು ನಿಮಿಷದಿಂದಲೇ. ಹಾಗಾಗಿ ಯಾವಾಗ ತೆಗೆಯಬೇಕು ಅನ್ನುವುದಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಶುರು ಮಾಡುವ ಮೊದಲು ಪೂರ್ತಿ ಒಮ್ಮೆ ಓದಿಕೊಳ್ಳಿ. ಕೈಕೆಲಸ ಹೆಚ್ಚೇನಿಲ್ಲ, ಆದರೆ ಹಿಟ್ಟು ಫ್ರಿಜ್‌ನಲ್ಲಿ ಸ್ವಲ್ಪ ಕಾಲ ಕೂರಬೇಕು. ಇವತ್ತು ಸಂಜೆ ಹಿಟ್ಟು ಮಾಡಿಟ್ಟು ನಾಳೆ ಬೇಯಿಸುವುದು ಎಲ್ಲಕ್ಕಿಂತ ಆರಾಮ.

ಬೇಕಾಗುವ ಸಾಮಾನು (16ರಿಂದ 18 ಕುಕೀಸ್‌ಗೆ)

- ಉಪ್ಪಿಲ್ಲದ ಬೆಣ್ಣೆ – 130 ಗ್ರಾಂ
- ಬ್ರೌನ್ ಶುಗರ್ – 110 ಗ್ರಾಂ
- ಬಿಳಿ ಸಕ್ಕರೆ, ಸಣ್ಣ ಹರಳಿನದು – 60 ಗ್ರಾಂ
- ಮೊಟ್ಟೆ – 1 (ಸಿಪ್ಪೆ ಬಿಟ್ಟು ಸುಮಾರು 50 ಗ್ರಾಂ)
- ವೆನಿಲಾ ಎಸೆನ್ಸ್ – ಒಂದೂವರೆ ಟೀ ಚಮಚ
- ಮೈದಾ – 180 ಗ್ರಾಂ
- ಅಡುಗೆ ಸೋಡಾ – ಅರ್ಧ ಟೀ ಚಮಚ
- ಉಪ್ಪು – ಅರ್ಧ ಟೀ ಚಮಚ
- ಡಾರ್ಕ್ ಚಾಕೊಲೇಟ್ – 150 ಗ್ರಾಂ
- ಬಾದಾಮಿ, ವಾಲ್‌ನಟ್, ಹೇಝಲ್‌ನಟ್, ಪೆಕಾನ್, ಗೋಡಂಬಿ – ಯಾವುದಾದರೂ ಒಂದು ಅಥವಾ ಎರಡು ಬೆರೆಸಿ – 90 ಗ್ರಾಂ

ಟೀ ಚಮಚ ಅಂದರೆ 5 ಮಿಲಿಲೀಟರ್, ಮುಂದೆ ಬರುವ ಟೇಬಲ್ ಚಮಚ ಅಂದರೆ 15 ಮಿಲಿಲೀಟರ್. ಎರಡನ್ನೂ ತಲೆ ಸಮ ಮಾಡಿ ಅಳೆಯಿರಿ. ಉಳಿದದ್ದನ್ನೆಲ್ಲ ತೂಗಿ. ಮೈದಾವನ್ನು ಕಪ್‌ನಲ್ಲಿ ಅಳೆದರೆ ಲೆಕ್ಕ ನಿಲ್ಲುವುದಿಲ್ಲ. ಹಗುರವಾಗಿ ಸುರಿದ ಒಂದು ಕಪ್ 120 ಗ್ರಾಂ ಇದ್ದರೆ, ಡಬ್ಬಿಯಿಂದ ಒತ್ತಿ ತೆಗೆದ ಅದೇ ಕಪ್ 150 ಗ್ರಾಂ ತೂಗಬಹುದು. ಆ ವ್ಯತ್ಯಾಸ ಸಾಕು, ಕುಕೀ ಹರಡದೆ ಉಂಡೆಯಾಗಿಯೇ ಉಳಿಯಲು. ಅಡುಗೆಮನೆಗೆ ಒಂದೇ ಒಂದು ಸಲಕರಣೆ ಹೊಸದಾಗಿ ಕೊಳ್ಳುವುದಿದ್ದರೆ ಬೀಟರ್ ಬೇಡ, ಡಿಜಿಟಲ್ ತಕ್ಕಡಿ ಕೊಳ್ಳಿ.

ಎರಡು ಬಗೆಯ ಸಕ್ಕರೆ ಯಾಕೆ? ಬಿಳಿ ಸಕ್ಕರೆ ಅಂಚನ್ನು ಗರಿಗರಿ ಮಾಡುತ್ತದೆ. ಬ್ರೌನ್ ಶುಗರ್‌ನಲ್ಲಿ ಮೊಲಾಸಿಸ್, ಅಂದರೆ ಸಕ್ಕರೆ ತಯಾರಿಸುವಾಗ ಉಳಿಯುವ ಕಪ್ಪು ಪಾಕ, ಇರುತ್ತದೆ. ಅದು ತೇವ ಹಿಡಿದಿಟ್ಟು ನಡುವನ್ನು ಮೆತ್ತಗೆ ಇಡುತ್ತದೆ. ಅದರಲ್ಲಿ ಸ್ವಲ್ಪ ಹುಳಿಯ ಗುಣವೂ ಇದೆ, ಅಡುಗೆ ಸೋಡಾ ಕೆಲಸ ಮಾಡುವುದು ಆ ಹುಳಿಯ ಜೊತೆ ಸೇರಿಯೇ. ಬ್ರೌನ್ ಶುಗರ್ ಸಿಗದಿದ್ದರೆ 170 ಗ್ರಾಂ ಬಿಳಿ ಸಕ್ಕರೆಯನ್ನೇ ಹಾಕಿ, ಒಂದು ಟೀ ಚಮಚ ಜೇನುತುಪ್ಪ ಸೇರಿಸಿ. ಕುಕೀ ಆಗುತ್ತದೆ, ಆದರೆ ಗರಿಗರಿ ಜಾಸ್ತಿ, ಮೆತ್ತನೆ ಗುಣ ಕಮ್ಮಿ.

ಸೋಡಾ ಹಳೆಯದಾಗಿದೆಯೋ ಏನೋ ಅನ್ನುವ ಅನುಮಾನ ಬಂದರೆ ಒಂದು ಚಿಟಿಕೆಯನ್ನು ವಿನೆಗರ್‌ಗೋ ನಿಂಬೆರಸಕ್ಕೋ ಹಾಕಿ ನೋಡಿ. ಬುಸುಬುಸು ನೊರೆ ಬಂದರೆ ಚೆನ್ನಾಗಿದೆ. ಸೋಡಾ ಬದಲು ಅಷ್ಟೇ ಅಳತೆಯ ಬೇಕಿಂಗ್ ಪೌಡರ್ ಹಾಕಬೇಡಿ. ಅದರ ಶಕ್ತಿ ಕಮ್ಮಿ, ಕುಕೀ ಬಣ್ಣವೂ ಪೇಲವವಾಗುತ್ತದೆ.

ಚಾಕೊಲೇಟ್: ಚಿಪ್ಸ್ ಬೇಡ, ಬಾರ್ ಕತ್ತರಿಸಿ

1930ರ ದಶಕದ ಕೊನೆಗೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಟೋಲ್ ಹೌಸ್ ಇನ್ ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಈ ಬಗೆಯ ಕುಕೀಯನ್ನು ಜನಪ್ರಿಯ ಮಾಡಿದರು. ಆಗ ಅವರು ಹಾಕಿದ್ದು ಕತ್ತರಿಸಿದ ಚಾಕೊಲೇಟ್ ಬಾರನ್ನೇ, ಜೊತೆಗೆ ಬೀಜಗಳನ್ನೂ. ಚಿಪ್ಸ್ ಮಾರುಕಟ್ಟೆಗೆ ಬಂದದ್ದು ಆಮೇಲೆ. ಚಿಪ್ಸ್ ಓವನ್‌ನಲ್ಲಿ ಆಕಾರ ಬಿಡದೆ ನಿಲ್ಲಲಿ ಅಂತಲೇ ತಯಾರಾಗುತ್ತವೆ, ಸಾಮಾನ್ಯವಾಗಿ ಅವುಗಳಲ್ಲಿ ಕೋಕೋ ಬೆಣ್ಣೆ ಕಮ್ಮಿ. ಬಾರ್ ಕತ್ತರಿಸಿದರೆ ದಪ್ಪ ತುಂಡು, ತೆಳು ಚೂರು, ಪುಡಿ ಎಲ್ಲವೂ ಬರುತ್ತವೆ. ದಪ್ಪ ತುಂಡು ಕರಗಿ ಸಣ್ಣ ಮಡುವಾಗುತ್ತದೆ, ಚೂರು ಪದರವಾಗಿ ಹರಡುತ್ತದೆ, ಪುಡಿ ಇಡೀ ಹಿಟ್ಟಿಗೆ ರುಚಿ ಹತ್ತಿಸುತ್ತದೆ. ಒಂದೊಂದು ತುತ್ತೂ ಬೇರೆ ಬೇರೆ ಅನ್ನಿಸುವುದು ಇದರಿಂದಲೇ.

ಶೇಕಡಾ 50ರಿಂದ 60ರಷ್ಟು ಕೋಕೋ ಇರುವ ಡಾರ್ಕ್ ಚಾಕೊಲೇಟ್ ಇದಕ್ಕೆ ಸರಿ. ಹಿಟ್ಟಿನಲ್ಲಿ ಸಿಹಿ ಸಾಕಷ್ಟಿರುವುದರಿಂದ ಚಾಕೊಲೇಟ್‌ನ ಸಣ್ಣ ಕಹಿ ಅದನ್ನು ತೂಗಿಸುತ್ತದೆ. ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಜನ್ಯ ಕೊಬ್ಬು ಇದ್ದರೆ ಅದು ಕಾಂಪೌಂಡ್. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಬಾಯಿಯ ಬಿಸಿಗೇ ಕರಗುತ್ತದೆ. ಕಾಂಪೌಂಡ್‌ನಲ್ಲಿ ಆ ಸುಖ ಇಲ್ಲ, ಹಲವು ಸಲ ನಾಲಿಗೆಯ ಮೇಲೆ ಮೇಣದ ಪದರ ಉಳಿದ ಹಾಗಿರುತ್ತದೆ. ಹಳೆಯ ಬಾರ್ ಮೇಲೆ ಬಿಳಿಚಿದ ಪುಡಿ ಕಂಡರೆ ಎಸೆಯಬೇಡಿ. ಕೊಬ್ಬೋ ಸಕ್ಕರೆಯೋ ಮೇಲೆ ಬಂದಿರುತ್ತದೆ ಅಷ್ಟೇ, ಕುಕೀಸ್‌ಗೆ ಧಾರಾಳವಾಗಿ ಬಳಸಬಹುದು.

ಸುಮಾರು 1 ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ. ಒಂದು ಹಿಡಿ ದೊಡ್ಡ ತುಂಡುಗಳನ್ನು ಕೊನೆಗೆ ಮೇಲೆ ಒತ್ತಲು ಬೇರೆ ಎತ್ತಿಡಿ.

ಹಂತ 1: ಬೀಜ ಹುರಿಯುವುದು

ಹಸಿ ಬೀಜವನ್ನು ನೇರವಾಗಿ ಹಿಟ್ಟಿಗೆ ಹಾಕಿದರೆ ಓವನ್‌ನಲ್ಲಿ ಹೇಗೂ ಹುರಿದುಕೊಳ್ಳುತ್ತದೆ ಅಂತ ಅನ್ನಿಸಬಹುದು. ಹಾಗಾಗುವುದಿಲ್ಲ. ಒದ್ದೆ ಹಿಟ್ಟಿನ ಒಳಗೆ ಕೂತ ಬೀಜ ಹಬೆಯಲ್ಲಿ ಮೆತ್ತಗಾಗುತ್ತದೆ, ಘಮ ಬರುವುದೇ ಇಲ್ಲ. ಈ ಪಾಕದಲ್ಲಿ ದಯವಿಟ್ಟು ಬಿಡಲೇಬಾರದ ಹಂತ ಇದು.

ಓವನ್ 165 ಡಿಗ್ರಿಗೆ ಕಾಯಿಸಿ. ಬೀಜಗಳನ್ನು ಕತ್ತರಿಸದೆ, ಟ್ರೇ ಮೇಲೆ ಒಂದೇ ಪದರವಾಗಿ ಹರಡಿ. ವಾಲ್‌ನಟ್, ಪೆಕಾನ್, ಗೋಡಂಬಿಗೆ 8ರಿಂದ 10 ನಿಮಿಷ, ಬಾದಾಮಿಗೆ 10ರಿಂದ 12, ಹೇಝಲ್‌ನಟ್‌ಗೆ 12ರಿಂದ 15. ಎರಡು ಬಗೆ ಬೆರೆಸುವುದಾದರೆ ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ನಡುವೆ ಒಮ್ಮೆ ಟ್ರೇ ಅಲುಗಾಡಿಸಿ. ಗಡಿಯಾರಕ್ಕಿಂತ ಮೂಗನ್ನು ನಂಬಿ. ಅಡುಗೆಮನೆ ತುಂಬ ಘಮ ಹರಡಿದ ಕೂಡಲೇ ಒಂದು ಬೀಜ ಮುರಿದು ನೋಡಿ. ಒಳಗಿನ ಬಣ್ಣ ತಿಳಿ ಬಂಗಾರಕ್ಕೆ ತಿರುಗಿದ್ದರೆ ತೆಗೆಯುವ ಹೊತ್ತು ಅದೇ. ಒಳಭಾಗ ಕಂದಾಗುವವರೆಗೆ ಕಾದರೆ ಕಹಿ ಬರುತ್ತದೆ, ಯಾಕೆಂದರೆ ಹೊರತೆಗೆದ ಮೇಲೂ ಬೀಜದೊಳಗಿನ ಎಣ್ಣೆ ಬಿಸಿಯಾಗಿಯೇ ಇದ್ದು ಹುರಿಯುತ್ತಲೇ ಇರುತ್ತದೆ. ಬಿಸಿ ಟ್ರೇ ಮೇಲೆ ಬಿಡದೆ ತಣ್ಣನೆ ತಟ್ಟೆಗೆ ಸುರಿಯಿರಿ.

ಆಗ ಗರಿಗರಿ ಆಯಿತೋ ಇಲ್ಲವೋ ಅಂತ ಕಚ್ಚಿ ನೋಡಿ ಪ್ರಯೋಜನ ಇಲ್ಲ. ಬಿಸಿ ಬೀಜ ಮೆತ್ತಗೇ ಇರುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ.

ಹೇಝಲ್‌ನಟ್ ಆದರೆ ಬಿಸಿ ಇರುವಾಗಲೇ ದಪ್ಪ ಬಟ್ಟೆಯಲ್ಲಿ ಸುತ್ತಿ ಉಜ್ಜಿ, ಸಿಪ್ಪೆ ಬಹುಪಾಲು ಉದುರುತ್ತದೆ. ವಾಲ್‌ನಟ್ ಸಿಪ್ಪೆಯಲ್ಲೂ ಒಗರು ಇದೆ. ಬಟ್ಟೆಯಲ್ಲಿ ಹಗುರವಾಗಿ ಉಜ್ಜಿದರೆ ಸ್ವಲ್ಪ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದು ಬೇಕಾಗಿಯೂ ಇಲ್ಲ. ಆ ಒಗರು ಚಾಕೊಲೇಟ್ ಜೊತೆ ಚೆನ್ನಾಗಿ ಹೊಂದುತ್ತದೆ, ನನ್ನ ಮೊದಲ ಆಯ್ಕೆ ಯಾವಾಗಲೂ ವಾಲ್‌ನಟ್. ಪೂರ್ತಿ ಆರಿದ ಮೇಲೆ ದಪ್ಪದಪ್ಪ ಕತ್ತರಿಸಿ. ಮಿಕ್ಸಿಗೆ ಹಾಕಬೇಡಿ. ಪುಡಿಯಾದ ಬೀಜ ಮೈದಾ ಜೊತೆ ಸೇರಿ ಹಿಟ್ಟನ್ನು ಬಿಗಿ ಮಾಡುತ್ತದೆ.

ಬಳಸುವ ಮೊದಲು ಒಂದು ಬೀಜ ತಿಂದು ನೋಡುವುದೂ ಒಳ್ಳೆಯದು. ಬೀಜದಲ್ಲಿ ಎಣ್ಣೆ ಜಾಸ್ತಿ ಇರುವುದರಿಂದ ಬೇಗ ಕಮಟುತ್ತದೆ. ಒಂದು ಕಮಟು ಬೀಜ ಸಾಕು, ಇಡೀ ತುತ್ತು ಕೆಡಲು. ಉಳಿದ ಬೀಜವನ್ನು ಫ್ರಿಜ್ ಅಥವಾ ಫ್ರೀಜರ್‌ನಲ್ಲಿ ಇಡಿ. ಇನ್ನೊಂದು ಮಾತು: ಕುಕೀಸ್ ಬೇರೆಯವರಿಗೆ ಕೊಡುವುದಾದರೆ ಯಾವ ಬೀಜ ಹಾಕಿದ್ದೀರಿ ಅಂತ ಮೊದಲೇ ಹೇಳಿ. ನಟ್ಸ್ ಅಲರ್ಜಿ ಇರುವವರಿಗೆ ಅದು ಪ್ರಾಣದ ವಿಷಯ. ಅವರಿಗಾಗಿ ಬೀಜವಿಲ್ಲದೆ ಮಾಡುವಾಗಲೂ ಬೀಜ ಮುಟ್ಟಿದ ಹಲಗೆ, ಚಾಕು, ಟ್ರೇ ಬಳಸಬೇಡಿ.

ಹಂತ 2: ಬೆಣ್ಣೆ ಕಂದು ಮಾಡುವುದು

ಮೆತ್ತಗಾದ ಬೆಣ್ಣೆಯನ್ನು ಸಕ್ಕರೆ ಜೊತೆ ನೊರೆ ಬರುವಂತೆ ಬೀಟ್ ಮಾಡುವುದು ಹಳೆಯ ಕ್ರಮ. ಅದರಲ್ಲಿ ಗಾಳಿ ಸೇರಿ ಕುಕೀ ಉಬ್ಬುತ್ತದೆ. ಬೆಣ್ಣೆ ಕರಗಿಸಿ ಹಾಕಿದರೆ ಕುಕೀ ಒತ್ತಾಗಿ, ಅಗಿಯುವಂತೆ ಆಗುತ್ತದೆ. ಕರಗಿಸುವುದರ ಜೊತೆಗೆ ಕಂದು ಬಣ್ಣಕ್ಕೂ ತಂದರೆ ಹುರಿದ ಬೀಜದ್ದೇ ಘಮ ಬೆಣ್ಣೆಯಲ್ಲೂ ಹುಟ್ಟುತ್ತದೆ. ಬೀಜ ಹಾಕಿದ ಕುಕೀಸ್‌ಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ, ಅಲ್ವಾ?

ತಳ ದಪ್ಪ ಇರುವ, ಒಳಗೆ ಬೆಳ್ಳಗಿರುವ ಪಾತ್ರೆ ತೆಗೆದುಕೊಳ್ಳಿ. ಕಪ್ಪು ಪಾತ್ರೆಯಲ್ಲಿ ಬಣ್ಣ ತಿರುಗುವುದು ಕಾಣುವುದಿಲ್ಲ. ಮಧ್ಯಮ ಉರಿಯಲ್ಲಿ ಬೆಣ್ಣೆ ಕರಗಿಸಿ. ಬೆಣ್ಣೆಯಲ್ಲಿ ಸುಮಾರು 16 ಶೇಕಡಾ ನೀರಿದೆ, ಮೊದಲು ಅದು ಚಟಪಟ ಸದ್ದು ಮಾಡುತ್ತಾ ಆವಿಯಾಗುತ್ತದೆ. ಸದ್ದು ಇಳಿದು ಮೇಲೆ ಸಣ್ಣ ನೊರೆ ಕಟ್ಟುತ್ತಿದ್ದ ಹಾಗೆ ಎಚ್ಚರ ಇರಲಿ. ತಳದಲ್ಲಿರುವ ಹಾಲಿನ ಅಂಶ ಬಣ್ಣ ತಿರುಗಲು ಶುರುವಾಗಿರುತ್ತದೆ. ಕೈ ಬಿಡದೆ ತಳ ಕೆರೆಯುತ್ತಾ ತಿರುಗಿಸಿ. ಚುಕ್ಕೆಗಳು ತಿಳಿ ಕಂದು ಆಗಿ ಘಮ ಬಂದ ಕೂಡಲೇ ಒಲೆಯಿಂದ ಇಳಿಸಿ, ದೊಡ್ಡ ಬೋಗುಣಿಗೆ ಸುರಿದುಬಿಡಿ. ಪಾತ್ರೆಯಲ್ಲೇ ಬಿಟ್ಟರೆ ಅದರ ಬಿಸಿಗೆ ಅರ್ಧ ನಿಮಿಷದಲ್ಲಿ ಕಪ್ಪಾಗಬಹುದು. ತಳದ ಕಂದು ಚುಕ್ಕೆಗಳನ್ನೂ ಕೆರೆದು ಹಾಕಿ, ರುಚಿ ಎಲ್ಲ ಅಲ್ಲೇ ಇರುವುದು.

ಈಗ ತೂಗಿದರೆ ಸುಮಾರು 110 ಗ್ರಾಂ ಬರುತ್ತದೆ. 15 ನಿಮಿಷ ಆರಲು ಬಿಡಿ. ಬೆರಳಿಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಬಿಸಿ ಬೆಣ್ಣೆಗೆ ಮೊಟ್ಟೆ ಒಡೆದರೆ ಅದು ಅಲ್ಲೇ ಬೆಂದು ಗಂಟಾಗುತ್ತದೆ.

ಹಂತ 3: ಹಿಟ್ಟು ಕಲಸುವುದು

ಬೆಚ್ಚಗಿನ ಬೆಣ್ಣೆಗೆ ಎರಡೂ ಸಕ್ಕರೆ, ಉಪ್ಪು ಹಾಕಿ ವಿಸ್ಕ್‌ನಿಂದ ಬೆರೆಸಿ. ಮೊದಲಿಗೆ ಒದ್ದೆ ಮರಳಿನ ಹಾಗೆ ಕಾಣುತ್ತದೆ. ಮೊಟ್ಟೆ, ವೆನಿಲಾ ಸೇರಿಸಿ ಅರ್ಧ ನಿಮಿಷ ಜೋರಾಗಿ ಕಲಕಿ, ಮೂರು ನಿಮಿಷ ಸುಮ್ನೆ ಬಿಡಿ. ಮತ್ತೆ ಅರ್ಧ ನಿಮಿಷ ಕಲಕಿ, ಮತ್ತೆ ಬಿಡಿ. ಹೀಗೆ ಮೂರು ಸಲ ಮಾಡಿ. ಬಿಡುವಿನಲ್ಲಿ ಸಕ್ಕರೆ ಮೊಟ್ಟೆಯ ನೀರಿನಲ್ಲಿ ಕರಗುತ್ತದೆ. ಕೊನೆಗೆ ಮಿಶ್ರಣ ದಪ್ಪಗೆ, ಹೊಳಪಾಗಿ, ತಿಳಿ ಬಣ್ಣಕ್ಕೆ ಬರುತ್ತದೆ. ಬೆಂದ ಕುಕೀಯ ಮೇಲೆ ಹೊಳೆಯುವ ಬಿರುಕುಗಳು ಬೇಕೆಂದರೆ ದಾರಿ ಇದು.

ಮೈದಾ, ಸೋಡಾ ಜರಡಿ ಹಿಡಿದು ಹಾಕಿ. ಇಲ್ಲಿಂದ ವಿಸ್ಕ್ ಬೇಡ, ಸ್ಪ್ಯಾಚುಲಾ ಅಥವಾ ಮರದ ಸೌಟು ಸಾಕು. ಮಡಚುವ ಹಾಗೆ ಬೆರೆಸಿ. ಮೈದಾದ ಒಂದೆರಡು ಬಿಳಿ ಗೆರೆ ಇನ್ನೂ ಕಾಣುತ್ತಿರುವಾಗಲೇ ಚಾಕೊಲೇಟ್, ಬೀಜ ಹಾಕಿ ಕೊನೆಯ ಕೆಲವು ಸುತ್ತು ತಿರುಗಿಸಿ ನಿಲ್ಲಿಸಿ. ಜಾಸ್ತಿ ಕಲಸಿದಷ್ಟೂ ಮೈದಾದ ಗ್ಲೂಟನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಬಲವಾಗಿ ಕುಕೀ ಬಿರುಸಾಗುತ್ತದೆ. ಮಿಶ್ರಣ ಇನ್ನೂ ಬಿಸಿ ಅನ್ನಿಸಿದರೆ ಚಾಕೊಲೇಟ್ ಹಾಕುವ ಮೊದಲು ಹತ್ತು ನಿಮಿಷ ಕಾಯಿರಿ, ಇಲ್ಲದಿದ್ದರೆ ತುಂಡುಗಳು ಕರಗಿ ಹಿಟ್ಟೆಲ್ಲ ಕಂದಾಗುತ್ತದೆ.

ಹಿಟ್ಟಿನ ರುಚಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಹಸಿ ಮೊಟ್ಟೆಯಷ್ಟೇ ಅಲ್ಲ, ಹಸಿ ಮೈದಾದಲ್ಲೂ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಜೊತೆಗಿದ್ದರೆ ಇದನ್ನು ನೆನಪಿಡಿ.

ಹಂತ 4: ಹಿಟ್ಟು ಕೂರಬೇಕು

ಹಿಟ್ಟನ್ನು ಮುಚ್ಚಿ ಫ್ರಿಜ್‌ನಲ್ಲಿಡಿ. ಕನಿಷ್ಠ ಒಂದು ಗಂಟೆ, ಆದರೆ ಇಡೀ ರಾತ್ರಿ ಇಟ್ಟರೆ ಬೇರೆಯೇ ಮಟ್ಟ. ಎರಡು ದಿನದವರೆಗೂ ಇಡಬಹುದು. ತಣ್ಣಗಾದ ಬೆಣ್ಣೆ ಓವನ್‌ನಲ್ಲಿ ನಿಧಾನವಾಗಿ ಕರಗುತ್ತದೆ, ಅಷ್ಟರಲ್ಲಿ ಅಂಚು ಗಟ್ಟಿಯಾಗುವುದರಿಂದ ಕುಕೀ ತೆಳ್ಳಗೆ ಹರಡಿಹೋಗುವುದಿಲ್ಲ. ಜೊತೆಗೆ ಮೈದಾ ಮೊಟ್ಟೆಯ ನೀರನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಮಾರನೆಯ ದಿನ ಬೇಯಿಸಿದ ಕುಕೀಗೆ ಬಣ್ಣ ಗಾಢ, ರುಚಿಯೂ ಆಳ.

ರಾತ್ರಿಯಿಡೀ ಇಟ್ಟ ಹಿಟ್ಟು ಕಲ್ಲಾಗಿರುತ್ತದೆ. ಅದಕ್ಕೇ ಒಂದು ಗಂಟೆ ಕಳೆದ ಮೇಲೆ, ಇನ್ನೂ ಕೈಗೆ ಬಗ್ಗುವಾಗಲೇ ಉಂಡೆ ಕಟ್ಟಿಡಿ. ಒಂದೊಂದು 45 ಗ್ರಾಂ, ಸುಮಾರು 4 ಸೆಂಟಿಮೀಟರ್ ಅಡ್ಡಳತೆ. ತೂಗಿಯೇ ಕಟ್ಟಿ. ಗಾತ್ರ ಬೇರೆ ಬೇರೆ ಆದರೆ ಒಂದೇ ಟ್ರೇಯಲ್ಲಿ ಕೆಲವು ಸುಟ್ಟು ಕೆಲವು ಹಸಿಯಾಗಿರುತ್ತವೆ. ಎತ್ತಿಟ್ಟಿದ್ದ ಚಾಕೊಲೇಟ್ ತುಂಡುಗಳನ್ನು ಈಗ ಮೇಲೆ ಒತ್ತಿ.

ಹಂತ 5: ಬೇಯಿಸುವುದು

ಓವನ್ 175 ಡಿಗ್ರಿಗೆ ಕನಿಷ್ಠ 15 ನಿಮಿಷ ಕಾಯಲಿ. ಮೇಲಿನ, ಕೆಳಗಿನ ರಾಡ್ ಎರಡೂ ಆನ್ ಇರಲಿ. ಫ್ಯಾನ್ ಇರುವ ಕನ್ವೆಕ್ಷನ್ ಓವನ್ ಆದರೆ 160 ಸಾಕು. ಓವನ್‌ನ ಗುಂಡಿ ತೋರಿಸುವ ಅಂಕಿಗೂ ಒಳಗಿನ ನಿಜವಾದ ಬಿಸಿಗೂ ವ್ಯತ್ಯಾಸ ಇರುವುದು ಸಾಮಾನ್ಯ. ಒಳಗೆ ಇಡುವ ಸಣ್ಣ ಓವನ್ ಥರ್ಮಾಮೀಟರ್ ಇದ್ದರೆ ಊಹಿಸುವ ಕಷ್ಟ ಇರುವುದಿಲ್ಲ.

ಟ್ರೇಗೆ ಬೇಕಿಂಗ್ ಪೇಪರ್ ಹಾಸಿ. ಮೇಣ ಸವರಿದ ಕಾಗದ ಬೇಡ, ಬಿಸಿಗೆ ಮೇಣ ಕರಗುತ್ತದೆ. ಟ್ರೇಗೆ ಎಣ್ಣೆ ಸವರುವುದೂ ಬೇಡ, ಕುಕೀ ಜಾರಿ ಹರಡುತ್ತದೆ. ಕಪ್ಪು ಟ್ರೇ ಬಿಸಿಯನ್ನು ಜಾಸ್ತಿ ಹೀರುವುದರಿಂದ ತಳ ಬೇಗ ಕಪ್ಪಾಗುತ್ತದೆ, ತಿಳಿ ಬಣ್ಣದ್ದಿದ್ದರೆ ಅದನ್ನೇ ಬಳಸಿ. ಉಂಡೆಗಳ ನಡುವೆ 5 ಸೆಂಟಿಮೀಟರ್ ಜಾಗ ಬಿಟ್ಟು ಓವನ್‌ನ ನಡುವಿನ ಅಂತಸ್ತಿನಲ್ಲಿ ಒಂದು ಸಲಕ್ಕೆ ಒಂದೇ ಟ್ರೇ ಇಡಿ.

ಮೊದಲು ಒಂದೇ ಒಂದು ಕುಕೀ ಬೇಯಿಸಿ ನೋಡಿ. ತೀರಾ ಹರಡಿದರೆ ಉಳಿದ ಉಂಡೆಗಳನ್ನು ಇನ್ನೂ ಅರ್ಧ ಗಂಟೆ ತಣ್ಣಗೆ ಮಾಡಿ. ಹರಡಲೇ ಇಲ್ಲ ಅಂದರೆ ಉಂಡೆಗಳನ್ನು ಅಂಗೈಯಿಂದ ಸ್ವಲ್ಪ ಒತ್ತಿ ಇಡಿ. ನಿಮ್ಮ ಓವನ್‌ನ ಸ್ವಭಾವ ಆ ಒಂದು ಕುಕೀ ಹೇಳಿಬಿಡುತ್ತದೆ.

ಸಮಯ 11ರಿಂದ 13 ನಿಮಿಷ. ಹತ್ತನೇ ನಿಮಿಷದಿಂದ ಗಾಜಿನ ಮುಂದೆ ನಿಲ್ಲಿ, ಬಾಗಿಲು ತೆಗೆಯಬೇಡಿ. ಹೊರಗಿನ ಒಂದು ಸೆಂಟಿಮೀಟರ್ ಅಂಚು ಬಂಗಾರದ ಕಂದು ಬಣ್ಣಕ್ಕೆ ಬಂದಿರಬೇಕು. ನಡುಭಾಗ ಉಬ್ಬಿ, ಪೇಲವವಾಗಿ, ಇನ್ನೂ ಹಸಿ ಅನ್ನುವ ಹಾಗೆ ಕಾಣಬೇಕು. ಆಗಲೇ ತೆಗೆಯಿರಿ. ನಡುವೆಯೂ ಬಣ್ಣ ಬರಲಿ ಅಂತ ಕಾದರೆ ತಣ್ಣಗಾದ ಮೇಲೆ ಕೈಗೆ ಬರುವುದು ಗಟ್ಟಿ ಬಿಸ್ಕತ್ತು. ಬಿಸಿ ಕುಕೀ ಯಾವಾಗಲೂ ಮೆತ್ತಗೇ ಇರುತ್ತದೆ. ಸಕ್ಕರೆ, ಬೆಣ್ಣೆ ಎರಡೂ ತಣ್ಣಗಾದ ಮೇಲೆಯೇ ಬಿಗಿಯಾಗುವುದು. ಹಾಗಾಗಿ ಓವನ್‌ನಲ್ಲಿದ್ದಾಗ ಮುಟ್ಟಿ ಗಟ್ಟಿತನ ಅಳೆಯುವುದಕ್ಕೆ ಅರ್ಥವಿಲ್ಲ.

ಹೊರತೆಗೆದ ತಕ್ಷಣ, ಆಕಾರ ಸೊಟ್ಟಗಿದ್ದರೆ, ಕುಕೀಗಿಂತ ಅಗಲವಾದ ಲೋಟವನ್ನೋ ಬಟ್ಟಲನ್ನೋ ಅದರ ಮೇಲೆ ಬೋರಲು ಹಾಕಿ ಸುತ್ತ ಆಡಿಸಿ. ದುಂಡಗಾಗುತ್ತದೆ. ಈ ಕೆಲಸಕ್ಕೆ ಒಂದು ನಿಮಿಷ ಮಾತ್ರ ಇರುವುದು. ಬೇಕಿದ್ದರೆ ಮೇಲೆ ನಾಲ್ಕು ಹರಳು ದಪ್ಪ ಉಪ್ಪು ಉದುರಿಸಿ, ಚಾಕೊಲೇಟ್ ರುಚಿ ಎದ್ದು ಬರುತ್ತದೆ.

ಟ್ರೇ ಮೇಲೇ 8ರಿಂದ 10 ನಿಮಿಷ ಬಿಡಿ. ಟ್ರೇಯ ಬಿಸಿಗೆ ನಡುಭಾಗ ಇಲ್ಲಿ ಬೇಯುವುದನ್ನು ಮುಗಿಸುತ್ತದೆ. ಆಮೇಲೆ ಜಾಲರಿಗೆ ಎತ್ತಿಡಿ, ತಳಕ್ಕೂ ಗಾಳಿ ಆಡಲಿ. ಮುಂದಿನ ಸರದಿಯ ಉಂಡೆಗಳನ್ನು ಬಿಸಿ ಟ್ರೇ ಮೇಲೆ ಇಡಬೇಡಿ. ಓವನ್‌ಗೆ ಹೋಗುವ ಮೊದಲೇ ಬೆಣ್ಣೆ ಕರಗಿಹೋಗುತ್ತದೆ.

ಮೊಟ್ಟೆ ಇಲ್ಲದೆ

ಮೊಟ್ಟೆಯ ಬದಲು 3 ಟೇಬಲ್ ಚಮಚ ಹಾಲು ಹಾಕಿ. ಇಲ್ಲವೇ 1 ಟೇಬಲ್ ಚಮಚ ಅಗಸೆಬೀಜದ ಪುಡಿಯನ್ನು 3 ಟೇಬಲ್ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಲೋಳೆಯಾದ ಮೇಲೆ ಸೇರಿಸಿ. ಅಗಸೆಯದು ಹಿಟ್ಟನ್ನು ಚೆನ್ನಾಗಿ ಹಿಡಿದಿಡುತ್ತದೆ, ಅದರ ಸಣ್ಣ ರುಚಿ ಹುರಿದ ಬೀಜದೊಳಗೆ ಮುಚ್ಚಿಹೋಗುತ್ತದೆ. ಹಾಲಿನದು ಸ್ವಲ್ಪ ಪುಡಿಪುಡಿ. ನಾನು ಅಗಸೆಯನ್ನೇ ಹೇಳುತ್ತೇನೆ.

ಎಡವಟ್ಟಾದರೆ

ಕುಕೀ ಕಾಗದದಷ್ಟು ತೆಳ್ಳಗೆ ಹರಡಿದರೆ ಹಿಟ್ಟು ತಣ್ಣಗಿರಲಿಲ್ಲ, ಇಲ್ಲವೇ ಓವನ್ ಸರಿಯಾಗಿ ಕಾದಿರಲಿಲ್ಲ. ಓವನ್ ತಣ್ಣಗಿದ್ದರೆ ಅಂಚು ಬಿಗಿಯಾಗುವ ಮೊದಲೇ ಬೆಣ್ಣೆ ಹರಿದುಹೋಗುತ್ತದೆ. ಉಂಡೆ ಉಂಡೆಯಾಗಿಯೇ ಉಳಿದು ಕೇಕ್ ಥರ ಆದರೆ ಮೈದಾ ಜಾಸ್ತಿಯಾಗಿದೆ. ತಳ ಕಪ್ಪಾಗಿ ಮೇಲೆ ಬೆಳ್ಳಗಿದ್ದರೆ ಟ್ರೇಯನ್ನು ಒಂದು ಅಂತಸ್ತು ಮೇಲಕ್ಕೆ ಏರಿಸಿ, ಅಥವಾ ಕೆಳಗೆ ಇನ್ನೊಂದು ಟ್ರೇ ಜೋಡಿಸಿ. ಸೋಪಿನ ಹಾಗೆ ರುಚಿ ಬಂದರೆ ಸೋಡಾ ಹೆಚ್ಚಾಗಿದೆ. ಇದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ. ಗಟ್ಟಿಯಾಗಿಬಿಟ್ಟ ಕುಕೀಸ್ ಮಾತ್ರ ದಂಡವಾಗುವುದಿಲ್ಲ. ಪುಡಿ ಮಾಡಿ ಐಸ್‌ಕ್ರೀಮ್ ಮೇಲೆ ಉದುರಿಸಿ.

ಇಟ್ಟುಕೊಳ್ಳುವುದು

ಪೂರ್ತಿ ತಣ್ಣಗಾಗದೆ ಡಬ್ಬಿಗೆ ಹಾಕಬೇಡಿ. ಒಳಗಿನ ಹಬೆಗೆ ಗರಿಗರಿ ಅಂಚೆಲ್ಲ ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ನಾಲ್ಕೈದು ದಿನ ಚೆನ್ನಾಗಿರುತ್ತವೆ. ಎರಡನೇ ದಿನದಿಂದ ಅಂಚು ಮೆತ್ತಗಾದರೆ 150 ಡಿಗ್ರಿ ಓವನ್‌ನಲ್ಲಿ ನಾಲ್ಕು ನಿಮಿಷ ಬಿಸಿ ಮಾಡಿ, ಚಾಕೊಲೇಟ್ ಕೂಡ ಮತ್ತೆ ಕರಗುತ್ತದೆ.

ಬೆಂದ ಕುಕೀಸ್‌ಗಿಂತ ಹಸಿ ಉಂಡೆಗಳನ್ನು ಕೂಡಿಡುವುದು ಜಾಣತನ. ಉಂಡೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿ ಗಾಳಿ ಹಿಂಡಿ ಕಟ್ಟಿ. ಚೀಲದ ಮೇಲೆ ತಾರೀಕು, ಬೀಜದ ಹೆಸರು, ಓವನ್ ಬಿಸಿ ಬರೆದಿಡಿ. ಎರಡು ತಿಂಗಳು ರುಚಿ ಕೆಡುವುದಿಲ್ಲ. ಬೇಕಾದಾಗ ಬೇಕಾದಷ್ಟೇ ತೆಗೆದು, ಕರಗಿಸದೆ ನೇರವಾಗಿ ಕಾದ ಓವನ್‌ಗೆ ಇಡಿ. ಎರಡು ಮೂರು ನಿಮಿಷ ಹೆಚ್ಚು ಬೇಕಾಗುತ್ತದೆ, ನೋಡಬೇಕಾದ ಗುರುತು ಅದೇ: ಕಂದು ಅಂಚು, ಪೇಲವ ನಡು.